ನಾಯಿಯ ಮೂಗಿಗೆ ಕೆಲಸ, ಮನಸ್ಸಿಗೆ ನೆಮ್ಮದಿ

ಸಾಕುಪ್ರಾಣಿಗಳ ಕುರಿತು ಓದುಗರು ಕೇಳುವ ಪ್ರಶ್ನೆಗಳಿಗೆ ಪಶುವೈದ್ಯರು ಉತ್ತರಿಸುವ ಅಂಕಣ. ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲ ನಾಯಿಯ ಬೇಸರ, ಅದರ ಬುದ್ಧಿ ಮತ್ತು ಆಟಕ್ಕೆ ಸಂಬಂಧಿಸಿದವು.

ಪ್ರಶ್ನೆ: ನಮ್ಮದು ಬದಿಯಡ್ಕ ಸಮೀಪದ ಅಡಿಕೆ ತೋಟದ ಮನೆ. ಎರಡು ವರ್ಷದ ನಾಡ ನಾಯಿಯನ್ನು ಸಾಕಿದ್ದೇವೆ. ಹಗಲಿಡೀ ಹಟ್ಟಿಯ ಪಕ್ಕದಲ್ಲಿ ಸಂಕಲೆ ಹಾಕಿ ಕಟ್ಟಿರುತ್ತೇವೆ, ರಾತ್ರಿ ಬಿಡುತ್ತೇವೆ. ಈಚೆಗೆ ಅದು ಕಟ್ಟಿದ ಕಂಬಕ್ಕೆ ಸುತ್ತು ಹಾಕುತ್ತಲೇ ಇರುತ್ತದೆ, ಗುಡ್ಡೆಯ ದಾರಿಯಲ್ಲಿ ಯಾರು ನಡೆದರೂ ಗಂಟಲು ಹರಿಯುವಂತೆ ಬೊಗಳುತ್ತದೆ, ಬಿಟ್ಟ ಕೂಡಲೇ ಹೂವಿನ ಗಿಡಗಳ ಬುಡ ಅಗೆಯುತ್ತದೆ. ಊಟಕ್ಕೆ ಯಾವ ಕೊರತೆಯನ್ನೂ ಮಾಡಿಲ್ಲ. ಇದು ರೋಗವೇ, ಅಥವಾ ಬುದ್ಧಿ ಕಲಿಸದೆ ಹೀಗಾಯಿತೇ?

ಉತ್ತರ: ನೀವು ವಿವರಿಸಿದ ಮೂರೂ ಲಕ್ಷಣಗಳು, ಹೊಟ್ಟೆ ತುಂಬಿದ್ದರೂ ಮಾಡಲು ಏನೂ ಕೆಲಸವಿಲ್ಲದ ನಾಯಿಯಲ್ಲಿ ಸಾಮಾನ್ಯವಾಗಿ ಕಾಣುವಂಥವು. ದೇಹದಲ್ಲಿ ಬೇರೆ ತೊಂದರೆ ಇಲ್ಲವೆಂಬುದನ್ನು ಒಮ್ಮೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಳ್ಳಿ. ಆ ಬಳಿಕ ಇದನ್ನು ನಾಯಿಯ ತಪ್ಪೆಂದು ನೋಡದೆ ಅದರ ದಿನಚರಿಯ ತಪ್ಪೆಂದು ನೋಡಬೇಕಾಗುತ್ತದೆ. ಕಂಬಕ್ಕೆ ಸುತ್ತು ಹಾಕುವುದು ತಮಾಷೆಯ ಅಭ್ಯಾಸವಲ್ಲ. ಓಡಬೇಕು, ಹುಡುಕಬೇಕು, ಮೂಸಬೇಕು ಎಂಬ ಹುಟ್ಟುಗುಣಕ್ಕೆ ಬೇರಾವ ದಾರಿಯೂ ಇಲ್ಲದಾಗ ಪ್ರಾಣಿಯು ತನ್ನಿಂದ ಸಾಧ್ಯವಾಗುವ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡತೊಡಗುತ್ತದೆ, ಮತ್ತು ಬಹಳ ಕಾಲ ಹಾಗೆಯೇ ಬಿಟ್ಟರೆ ಸಂಕಲೆ ಬಿಚ್ಚಿದ ಮೇಲೂ ಆ ಚಲನೆ ಉಳಿದುಕೊಳ್ಳಬಹುದು. ಬೊಗಳುವುದಕ್ಕೂ ಒಂದು ಕಾರಣವಿದೆ: ದಾರಿಹೋಕರನ್ನು ಕಂಡು ನಾಯಿ ಬೊಗಳುತ್ತದೆ, ಅವರು ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ, ತನ್ನ ಬೊಗಳಿಕೆಯಿಂದಲೇ ಅವರು ಹೋದರೆಂದು ನಾಯಿ ತಿಳಿಯುತ್ತದೆ. ದಿನಕ್ಕೆ ಎಷ್ಟು ಜನ ನಡೆಯುತ್ತಾರೋ ಅಷ್ಟು ಬಾರಿ ಆ ಪಾಠ ಗಟ್ಟಿಯಾಗುತ್ತದೆ. ಗದರಿಸಿದರೆ ಇದು ನಿಲ್ಲುವುದಿಲ್ಲ. ನಾಯಿಯನ್ನು ದಾರಿ ಕಾಣದ ಕಡೆಗೆ, ಮನೆಯವರ ಓಡಾಟವಿರುವ ಅಡುಗೆಕೋಣೆಯ ಹಿಂಭಾಗಕ್ಕೋ ಚಾವಡಿಯ ಬದಿಗೋ ಸ್ಥಳಾಂತರಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಕಡಿಮೆಯಾಗುತ್ತದೆ.

ಸಂಕಲೆಯ ವಿಷಯವನ್ನು ಸ್ಪಷ್ಟವಾಗಿಯೇ ಹೇಳಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ, ಅತಿ ಗಿಡ್ಡ ಅಥವಾ ಅತಿ ಭಾರದ ಸಂಕಲೆಯಲ್ಲಿ ಪ್ರಾಣಿಯನ್ನು ವಿಪರೀತ ಹೊತ್ತು ಕಟ್ಟಿಹಾಕುವುದನ್ನು ಮಾತ್ರವಲ್ಲ, ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡಿಸದ ಮಾಲೀಕನ ಉದಾಸೀನವನ್ನೂ ಕ್ರೌರ್ಯವೆಂದೇ ಎಣಿಸಲಾಗಿದೆ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಹಗಲು ಕಟ್ಟುವುದು ರೂಢಿಯೆಂಬ ಕಾರಣಕ್ಕೆ ಅದು ನಾಯಿಗೆ ಹಿತವಾಗಿಬಿಡುವುದಿಲ್ಲ. ಬೇಲಿ ಹಾಕಿದ ಅಂಗಳವಿದ್ದರೆ ಅದರೊಳಗೆ ಬಿಡುವುದೇ ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಎರಡು ಗಟ್ಟಿ ಮರಗಳ ನಡುವೆ ಆಳೆತ್ತರಕ್ಕಿಂತ ಮೇಲೆ ಬಿಗಿಯಾದ ತಂತಿ ಎಳೆದು, ಅದರಲ್ಲಿ ಜಾರುವ ಬಳೆಗೆ ಹಗುರವಾದ ಹಗ್ಗ ಕಟ್ಟಿದರೆ ನಾಯಿ ಅತ್ತಿತ್ತ ಓಡಾಡಬಹುದು. ಹಗ್ಗ ಮರಕ್ಕೆ ಸುತ್ತಿಕೊಳ್ಳದಂತೆ ತಂತಿಯ ಎರಡೂ ತುದಿಗಳ ಬಳಿ ತಡೆ ಇರಲಿ, ನೆರಳೂ ನೀರೂ ಕೈಗೆಟುಕುವಲ್ಲೇ ಇರಲಿ. ಇಷ್ಟಾದರೂ ಇದು ಕಟ್ಟಿಹಾಕುವುದರ ಒಂದು ಸುಧಾರಿತ ರೂಪ ಮಾತ್ರ, ನಡಿಗೆಗೆ ಬದಲಿಯಲ್ಲ.

ಮುಖ್ಯವಾದ ಮಾತು ಇನ್ನು ಮುಂದಿನದು. ನಾಯಿಯ ಮನಸ್ಸನ್ನು ತಲುಪುವ ಹೆದ್ದಾರಿ ಅದರ ಮೂಗು. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು 50ರಿಂದ 60 ಲಕ್ಷ ಎಂದು ಅಂದಾಜಿದ್ದರೆ ನಾಯಿಯಲ್ಲಿ ಅವುಗಳ ಸಂಖ್ಯೆ 20 ಕೋಟಿಯನ್ನು ಮೀರುತ್ತದೆ. ಒಳಗೆಳೆದ ಗಾಳಿಯ ಒಂದು ಪಾಲು ಉಸಿರಾಟಕ್ಕೆ ಹೋಗದೆ ವಾಸನೆಗೆಂದೇ ಇರುವ ಹಿಂಭಾಗಕ್ಕೆ ತಿರುಗುತ್ತದೆ. ಹೊರಬಿಡುವ ಗಾಳಿ ಹೊಳ್ಳೆಗಳ ಪಕ್ಕದ ಸೀಳುಗಳಿಂದ ಹೋಗುವುದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ಹೀಗಿರುವಾಗ ನಾಯಿಯನ್ನು ಕೊರಳಪಟ್ಟಿ ಹಿಡಿದು ಬಿರಬಿರನೆ ನಡೆಸಿ, ಎಲ್ಲಿಯೂ ಮೂಸಲು ಬಿಡದೆ ಮನೆಗೆ ಕರೆತಂದರೆ ಅದರ ಕಾಲಿಗೆ ಕೆಲಸವಾಯಿತೇ ಹೊರತು ತಲೆಗಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಕುನಾಯಿಗಳ ಒಂದು ಗುಂಪಿಗೆ ಎರಡು ವಾರ ಮೂಗಿನಿಂದ ತಿಂಡಿ ಹುಡುಕುವ ಅಭ್ಯಾಸವನ್ನೂ ಇನ್ನೊಂದು ಗುಂಪಿಗೆ ಯಜಮಾನನ ಪಕ್ಕದಲ್ಲೇ ನಡೆಯುವ ಅಭ್ಯಾಸವನ್ನೂ ಕೊಡಲಾಯಿತು. ಬಳಿಕ, ತಿಂಡಿ ಇದೆಯೋ ಇಲ್ಲವೋ ಎಂದು ಹೇಳಲಾಗದ ಜಾಗದಲ್ಲಿಟ್ಟ ಬಟ್ಟಲಿನ ಬಳಿಗೆ ಮೊದಲ ಗುಂಪಿನ ನಾಯಿಗಳು ಮುಂಚಿಗಿಂತ ಬೇಗ ಹೋದವು, ಎರಡನೆಯ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹುಡುಕಲು ಬಿಟ್ಟ ನಾಯಿ ಹೆಚ್ಚು ಭರವಸೆಯಿಂದ ಜಗತ್ತನ್ನು ನೋಡುತ್ತದೆ ಎಂಬುದು ಇದರಿಂದ ತೆಗೆದ ತೀರ್ಮಾನ.

ಆದ್ದರಿಂದ ಬೆಳಗ್ಗೆ ನೀರು ಬಿಡಲೋ ಬಿದ್ದ ತೆಂಗಿನಕಾಯಿ ಹೆಕ್ಕಲೋ ತೋಟಕ್ಕೆ ಇಳಿಯುವಾಗ ಉದ್ದನೆಯ ಹಗ್ಗದಲ್ಲಿ ನಾಯಿಯನ್ನೂ ಕರೆದೊಯ್ಯಿರಿ. ದಾರಿಯನ್ನು ಅದೇ ಆರಿಸಲಿ. ಒಂದು ಬುಡದ ಬಳಿ ಐದು ನಿಮಿಷ ನಿಂತರೆ ನಿಲ್ಲಲಿ, ರಾತ್ರಿ ಅಲ್ಲಿ ಹಾದುಹೋದ ಮುಂಗುಸಿಯದೋ ಕಾಡುಹಂದಿಯದೋ ಸುದ್ದಿಯನ್ನು ಅದು ಓದುತ್ತಿರುತ್ತದೆ. ಊಟವನ್ನು ದಿನವೂ ಬಟ್ಟಲಿಗೆ ಸುರಿಯುವ ಬದಲು, ಒಂದು ಹೊತ್ತಿನ ಒಣ ಆಹಾರವನ್ನೋ ದೋಸೆಯ ಚೂರುಗಳನ್ನೋ ಬೇಯಿಸಿದ ಚೀನಿಕಾಯಿಯ ತುಂಡುಗಳನ್ನೋ ಒಣಗಿದ ತರಗೆಲೆಯ ಮೇಲೆ ಹರಡಿ ಹುಡುಕಲು ಬಿಡಿ. ಮೊದಲ ಕೆಲವು ದಿನ ಅದರ ಕಣ್ಣೆದುರೇ ಹರಡಿ. ಆಮೇಲೆ ಮಗುಚಿದ ಲೋಟದ ಅಡಿಯಲ್ಲಿ, ಅದಾದ ಮೇಲೆ ಮಣ್ಣಿನ ಚಟ್ಟಿಗಳ ಹಿಂದೆ ಎಂದು ಸ್ವಲ್ಪ ಸ್ವಲ್ಪವಾಗಿ ಕಷ್ಟಗೊಳಿಸಿ. ಒಮ್ಮೆಲೇ ಕಠಿಣ ಮಾಡಿದರೆ ನಾಯಿ ಸೋತು ಬಿಟ್ಟುಬಿಡುತ್ತದೆ. ಅಗೆಯುವ ಹುಚ್ಚಿಗೂ ಒಂದು ಜಾಗ ಕೊಡಿ: ಅಂಗಳದ ಮೂಲೆಯಲ್ಲಿ ಸಡಿಲ ಮಣ್ಣಿನ ಒಂದು ಗುಂಡಿ ಮಾಡಿ, ಅದರೊಳಗೆ ತಿಂಡಿಯ ತುಂಡು ಹೂತಿಟ್ಟು ತೋರಿಸಿದರೆ ಅಗೆತ ಅಲ್ಲಿಗೆ ತಿರುಗುತ್ತದೆ, ಹೂವಿನ ಗಿಡಗಳು ಉಳಿಯುತ್ತವೆ. ರಾತ್ರಿ ಊರಿಡೀ ಬಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಬೀದಿನಾಯಿಗಳ ಕಾದಾಟ, ವಾಹನ, ಹುಚ್ಚುನಾಯಿ ರೋಗ ಎಲ್ಲವೂ ಆ ಹೊತ್ತಿನಲ್ಲೇ ಎದುರಾಗುತ್ತವೆ. ರೇಬಿಸ್ ಲಸಿಕೆಯನ್ನಂತೂ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ.

ಪ್ರಶ್ನೆ: ಉಪ್ಪಳದ ಫ್ಲ್ಯಾಟೊಂದರಲ್ಲಿ ವಾಸವಾಗಿದ್ದೇವೆ, ಗಂಡಹೆಂಡತಿ ಇಬ್ಬರಿಗೂ ಮಂಗಳೂರಿನಲ್ಲಿ ಉದ್ಯೋಗ. ಹನ್ನೊಂದು ತಿಂಗಳ ಲ್ಯಾಬ್ರಡಾರ್ ಚಪ್ಪಲಿ, ಸೋಫಾ, ಗೋಡೆಯ ಮೂಲೆ ಏನನ್ನೂ ಬಿಡದೆ ಕಚ್ಚಿ ಹಾಕುತ್ತಿದೆ. ಮಳೆಗಾಲದಲ್ಲಿ ಹೊರಗೆ ಕರೆದೊಯ್ಯಲೂ ಆಗುವುದಿಲ್ಲ. ಆಟಿಕೆಗಳಿಗೆ ಸಾಕಷ್ಟು ಹಣ ಸುರಿದಾಗಿದೆ.

ಉತ್ತರ: ಲ್ಯಾಬ್ರಡಾರ್ ತಳಿಯ ಪೂರ್ವಜರು ನ್ಯೂಫೌಂಡ್‌ಲೆಂಡಿನ ಮೀನುಗಾರರ ಜೊತೆಗಿದ್ದು ಬಲೆ ಎಳೆಯಲು, ತಪ್ಪಿಸಿಕೊಂಡ ಮೀನು ತರಲು ನೆರವಾಗುತ್ತಿದ್ದ ನಾಯಿಗಳು. ಬಾಯಿಯಲ್ಲಿ ಏನನ್ನಾದರೂ ಹಿಡಿದಿರುವುದು ಅವುಗಳ ರಕ್ತದಲ್ಲೇ ಇದೆ. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳು ಏಳು ತಿಂಗಳೊಳಗೆ ಬಂದಿದ್ದರೂ ಎಳೆಯ ವಯಸ್ಸು ಕಳೆಯುವವರೆಗೆ ಕಚ್ಚುವ ಆಸೆ ಇಳಿಯುವುದಿಲ್ಲ. ಇದನ್ನು ಹತ್ತಿಕ್ಕಲಾಗದು, ಬೇರೆಡೆಗೆ ತಿರುಗಿಸಬಹುದು.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ನೀವಿಲ್ಲದ ಹೊತ್ತಿನಲ್ಲಿ ಅದು ಏನು ಮಾಡುತ್ತದೆಂಬುದನ್ನು ಹಳೆಯ ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿ. ಸ್ವಲ್ಪ ನಿದ್ದೆ ಮಾಡಿ, ಎದ್ದು, ಸಿಕ್ಕಿದ್ದನ್ನು ಕಚ್ಚಿ, ಮತ್ತೆ ಮಲಗಿದರೆ ಅದು ಬೇಸರ. ನೀವು ಹೊರಟ ಮರುಕ್ಷಣದಿಂದಲೇ ಬಾಗಿಲನ್ನು ಪರಚುವುದು, ಊಳಿಡುವುದು, ಜೊಲ್ಲು ಸುರಿಸುವುದು, ಇಷ್ಟದ ತಿಂಡಿಯನ್ನೂ ಮುಟ್ಟದಿರುವುದು ಕಂಡರೆ ಅದು ಒಂಟಿತನದ ಭಯ. ಆಟಿಕೆಗಳಿಂದ ಅದು ಗುಣವಾಗದು, ಪಶುವೈದ್ಯರ ಬಳಿಗೆ ಹೋಗಲೇಬೇಕು.

ಬೇಸರವೇ ಆಗಿದ್ದರೆ, ಇರುವ ಆಟಿಕೆಗಳಲ್ಲಿ ಎರಡನ್ನು ಮಾತ್ರ ಹೊರಗಿಟ್ಟು ಉಳಿದವನ್ನು ಕಪಾಟಿನಲ್ಲಿಡಿ, ನಾಲ್ಕೈದು ದಿನಕ್ಕೊಮ್ಮೆ ಬದಲಾಯಿಸಿ. ನೆಲದ ಮೇಲೆ ಸದಾ ಬಿದ್ದಿರುವ ಆಟಿಕೆ ನಾಯಿಗೆ ಹಳತಾಗಿಬಿಡುತ್ತದೆ. ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಯೊಳಗೆ ಮೊಸರನ್ನ, ಬೇಯಿಸಿದ ಕ್ಯಾರೆಟ್ ಅಥವಾ ಮುಳ್ಳು ತೆಗೆದ, ಉಪ್ಪುಖಾರವಿಲ್ಲದ ಮೀನನ್ನು ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಕೆಲಸಕ್ಕೆ ಹೊರಡುವಾಗ ಕೊಡಿ. ನೆಕ್ಕುವುದು ಮತ್ತು ಅಗಿಯುವುದು ನಾಯಿಯನ್ನು ಶಾಂತಗೊಳಿಸುತ್ತವೆ. ಈ ತಿಂಡಿ ದಿನದ ಊಟದ ಒಂದು ಭಾಗವಾಗಿರಬೇಕೇ ಹೊರತು ಅದರ ಮೇಲಿನ ಹೆಚ್ಚುವರಿಯಲ್ಲ. ಹಸಿವು ಮತ್ತು ತೂಕವನ್ನು ನಿಯಂತ್ರಿಸುವ ಒಂದು ಜೀನ್ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದರಲ್ಲಿ ಮಾರ್ಪಟ್ಟಿರುತ್ತದೆ ಎಂದು 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದ್ದಾರೆ. ಅಂಥ ನಾಯಿ ಎಷ್ಟು ತಿಂದರೂ ಇನ್ನೂ ಬೇಕೆಂದೇ ನೋಡುತ್ತದೆ.

ಮಳೆಗಾಲಕ್ಕೆ ಮನೆಯೊಳಗೇ ಮೂಗಿನ ಆಟ ಹೂಡಬಹುದು. ಹಳೆಯ ಬೈರಾಸಿನ ಮೇಲೆ ತಿಂಡಿ ಚೆಲ್ಲಿ ಸುರುಳಿ ಸುತ್ತಿ ಕೊಡಿ. ಪಿನ್ನು, ಅಂಟುಪಟ್ಟಿ ತೆಗೆದ ರಟ್ಟಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಒಳಗೆ ತಿಂಡಿ ಅಡಗಿಸಿ. ಹರಿದರೆ ಹರಿಯಲಿ, ಸೋಫಾ ಉಳಿಯಿತಲ್ಲ. ನಿಮ್ಮಲ್ಲೊಬ್ಬರು ಬಾಗಿಲ ಹಿಂದೆ ಅಡಗಿ ಹೆಸರು ಕರೆದು, ಹುಡುಕಿ ಬಂದಾಗ ಮುದ್ದಿಸಿ. ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಕುಳಿತುಕೊಳ್ಳುವುದು, ಕಾಯುವುದು, ತನ್ನ ಚಾಪೆಗೆ ಹೋಗುವುದು ಎಂಬ ಪಾಠಗಳನ್ನು ಕಲಿಸಿ. ಸರಿಯಾಗಿ ಮಾಡಿದ ಒಂದೆರಡು ಸೆಕೆಂಡಿನೊಳಗೇ ತಿಂಡಿ ಬಾಯಿಗೆ ಬೀಳಬೇಕು, ಇಲ್ಲವಾದರೆ ಯಾವುದಕ್ಕೆ ಸಿಕ್ಕಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಮಳೆ ಹೊಳವಾದ ಹೊತ್ತು ನೋಡಿ ಹೊರಗೂ ಹೋಗಿ, ಆದರೆ ನಿಂತ ಕೊಳಕು ನೀರನ್ನು ಕುಡಿಯಲು ಬಿಡಬೇಡಿ; ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ಮನೆಯವರಿಗೂ ದಾಟುತ್ತದೆ. ದಿನದಲ್ಲಿ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಮನೆ ಬೀಗ ಹಾಕಿರುವುದಾದರೆ ಮಧ್ಯಾಹ್ನ ಒಮ್ಮೆ ಬಂದು ಹೊರಗೆ ಕರೆದೊಯ್ಯುವ ನೆರೆಯವರನ್ನು ಹುಡುಕಿಕೊಳ್ಳಲೇಬೇಕು. ಇದಕ್ಕೆ ಯಾವ ಆಟಿಕೆಯೂ ಪರಿಹಾರವಲ್ಲ.

ಪ್ರಶ್ನೆ: ಹೊಸೂರಿನ ನಮ್ಮ ಬಡಾವಣೆಯ ಹುಲ್ಲಿನಲ್ಲಿ ಕೆಂಪು ಚೆಂಡು ಎಸೆದರೆ ನಮ್ಮ ನಾಯಿ ಹುಡುಕಲಾಗದೆ ತಬ್ಬಿಬ್ಬಾಗುತ್ತದೆ. ದೃಷ್ಟಿದೋಷವಿರಬಹುದೇ?

ಉತ್ತರ: ಉಳಿದೆಲ್ಲವನ್ನೂ ಸರಿಯಾಗಿ ನೋಡುತ್ತಿದ್ದರೆ ದೋಷವಿಲ್ಲ. ಬಣ್ಣವನ್ನು ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆಯವಾದರೆ ನಾಯಿಯ ಕಣ್ಣಿನಲ್ಲಿ ಎರಡೇ ಬಗೆ; ಕೆಂಪು ಮತ್ತು ಹಸಿರನ್ನು ಅದು ಬೇರ್ಪಡಿಸಲಾರದು. ನೀಲಿ ಚೆಂಡು ಕೊಳ್ಳಿ. ಕೆಂಪು ಚೆಂಡನ್ನು ಬಿಸಾಡಬೇಕಿಲ್ಲ, ಅದನ್ನು ಬೇಕೆಂದೇ ಹುಲ್ಲಿನಲ್ಲಿ ಅಡಗಿಸಿ ಮೂಗಿನಿಂದ ಹುಡುಕಲು ಹೇಳಿಕೊಡಿ.

ಪ್ರಶ್ನೆ: ಆಟಿಕೆಗೆ ಹಣ ಹಾಕುವ ಬದಲು ತೆಂಗಿನ ಸಿಪ್ಪೆ, ಗೆರಟೆ, ಹಾಳೆ ಮುಂತಾಗಿ ತೋಟದಲ್ಲಿ ಸಿಗುವುದನ್ನೇ ಕೊಡಬಹುದೇ? — ಪೆರ್ಲದ ಕೃಷಿಕರೊಬ್ಬರು

ಉತ್ತರ: ಕೊಡಬಹುದು, ಆದರೆ ನೋಡಿಕೊಂಡು. ಅಡಿಕೆ ಹಾಳೆಯನ್ನು ಮಡಚಿ ಒಳಗೆ ತಿಂಡಿಯಿಟ್ಟು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿಕೊಟ್ಟರೆ ಅದನ್ನು ಬಿಚ್ಚುವುದೇ ನಾಯಿಗೆ ಒಳ್ಳೆಯ ಕೆಲಸ. ಬಿಚ್ಚಿ ಮುಗಿದ ಮೇಲೆ ನಾರನ್ನು ಎತ್ತಿಡಿ. ಸಿಪ್ಪೆಯನ್ನು ಕಚ್ಚಿ ಎಳೆಯುವುದು ನಾಯಿಗಳಿಗೆ ಬಹಳ ಇಷ್ಟ, ಆದರೆ ನಾರನ್ನು ನುಂಗುವ ಸ್ವಭಾವವಿದ್ದರೆ ಕೂಡದು, ಕರುಳಿನಲ್ಲಿ ಉಂಡೆಗಟ್ಟಿ ಶಸ್ತ್ರಚಿಕಿತ್ಸೆಗೆ ಕಾರಣವಾಗುತ್ತದೆ. ಒಡೆದ ಗೆರಟೆಯ ಅಂಚು ಒಸಡನ್ನು ಸೀಳುವುದರಿಂದ ಅದರ ಬದಲು ಸ್ಟೀಲ್ ಲೋಟವೇ ಮೇಲು. ಮಾವಿನ ಗೊರಟು, ಬೇಯಿಸಿದ ಕೋಳಿಮೂಳೆ ಎರಡನ್ನೂ ಕೊಡಬಾರದು.

ತೋಟದಲ್ಲಿ ನಿಜವಾದ ಅಪಾಯಗಳು ಬೇರೆಯೇ ಇವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತುವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿ ಬಳಸುತ್ತಿದ್ದರು. ಅದರ ಪ್ರಮಾಣ ಮೀರಿದರೆ ಜೊಲ್ಲು, ವಾಂತಿ, ಭೇದಿ, ನಡುಕ ಉಂಟಾಗುವ ಕಾರಣದಿಂದಲೇ ಅದು ಹಿಂದೆ ಸರಿಯಿತು. ಹಾಗಾಗಿ ಬಿದ್ದ ಅಡಿಕೆಯನ್ನು ಆಟದ ವಸ್ತುವಾಗಿಸಬೇಡಿ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಕೈಯನ್ನು ಸುಡುವಂತೆಯೇ ನಾಯಿಯ ಬಾಯಿಯನ್ನೂ ಸುಡುತ್ತದೆ. ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ಡ್ರಮ್ಮಿನಲ್ಲಿ ಉಳಿದ ಬೋರ್ಡೋ ದ್ರಾವಣ, ಮೈಲುತುತ್ತಿನ ಚೀಲ ನಾಯಿಗೆ ಸಿಗದಂತಿರಲಿ. ಮಳೆ ಹಿಡಿದ ಮೇಲೆ ಕತ್ತಲೆಯಲ್ಲಿ ಅಂಗಳಕ್ಕೆ ಬರುವ ದಪ್ಪ ಚರ್ಮದ ನೆಲಗಪ್ಪೆಯನ್ನು ಆಟವೆಂದು ಬಾಯಲ್ಲಿ ಹಿಡಿದ ನಾಯಿ ನೊರೆ ಸುರಿಸಿದರೆ, ತಲೆ ಕೆಳಗೆ ಬಾಗಿಸಿ ಬಾಯಿಯನ್ನು ನೀರಿನಿಂದ ಹೊರಮುಖವಾಗಿ ತೊಳೆದು, ತಡಮಾಡದೆ ವೈದ್ಯರನ್ನು ಕಾಣಿ.

ಪ್ರಶ್ನೆ: ಮಹಾರಾಷ್ಟ್ರದ ಜತ್ತ ತಾಲೂಕಿನಿಂದ ಬರೆಯುತ್ತಿದ್ದೇನೆ. ನಮ್ಮ ಕರವಾನಿ ನಾಯಿಗೆ ಹುಡುಕಾಟದ ಆಟಗಳಲ್ಲಿ ಆಸಕ್ತಿಯಿಲ್ಲ. ಜೋಳದ ಹೊಲದಲ್ಲಿ ಮೊಲ ಕಂಡರೆ ಮಾತ್ರ ಕೂಗಿದರೂ ಕೇಳದೆ ಓಡುತ್ತದೆ. ಈ ತಳಿಗೆ ಬುದ್ಧಿ ಕಡಿಮೆ ಎಂದು ಕೆಲವರು ಹೇಳುತ್ತಾರೆ, ನಿಜವೇ?

ಉತ್ತರ: ನಿಜವಲ್ಲ. ಕರವಾನಿ, ಅಂದರೆ ಮುಧೋಳ ನಾಯಿ, ಕಣ್ಣಿನಿಂದ ಬೇಟೆಯಾಡುವ ತಳಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿ ತಳಿಗಳ ಚೀಟಿಗಳನ್ನು ಹೊರತಂದಾಗ ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿಗಳ ಜೊತೆ ಸ್ಥಾನ ಪಡೆದ ಹೆಮ್ಮೆಯ ತಳಿಯಿದು. ದೂರದಲ್ಲಿ ಚಲಿಸಿದ್ದನ್ನು ಕಂಡೊಡನೆ ತಾನೇ ತೀರ್ಮಾನಿಸಿ ಓಡಬೇಕೆಂದೇ ತಲೆಮಾರುಗಳಿಂದ ಬೆಳೆಸಲಾದ ನಾಯಿಯು ಯಜಮಾನನ ಮುಖ ನೋಡುತ್ತ ನಿಲ್ಲದಿರುವುದನ್ನು ದಡ್ಡತನವೆನ್ನುವುದು ಅನ್ಯಾಯ.

ಅದಕ್ಕೆ ಒಪ್ಪುವ ಆಟವೆಂದರೆ ಬೆನ್ನಟ್ಟುವುದು. ಉದ್ದ ಬಿದಿರುಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ತುಂಡು ಕಟ್ಟಿ ನೆಲಮಟ್ಟದಲ್ಲೇ ಅತ್ತಿತ್ತ ಓಡಿಸಿ. ಪ್ರತಿ ಸಲವೂ ಕೊನೆಗೆ ಅದು ಹಿಡಿಯುವಂತಿರಲಿ, ಎಂದೂ ಸಿಗದ ಬೇಟೆ ನಾಯಿಯನ್ನು ಕೆರಳಿಸುತ್ತದೆ. ಆಟ ಶುರುವಾಗುವ ಮುನ್ನ ಒಂದು ಕ್ಷಣ ಕಾಯಲು, ನಡುವೆ ನಿಮ್ಮ ಮಾತಿಗೆ ಬಟ್ಟೆ ಬಿಟ್ಟುಕೊಡಲು ಕಲಿಸಿದರೆ, ಓಟದ ನಡುವೆ ನಿಮ್ಮ ಧ್ವನಿಗೆ ಕಿವಿಗೊಡುವ ಅಭ್ಯಾಸವೂ ಅದರೊಂದಿಗೇ ಬರುತ್ತದೆ. ಎದೆ ಆಳವಾದ ತಳಿಯಾದ್ದರಿಂದ ಊಟವಾದ ತಕ್ಷಣ ಓಡಿಸಬೇಡಿ, ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಪ್ರಾಣಾಪಾಯವಿದೆ. ಒಂದು ವರ್ಷ ತುಂಬದ ಮರಿಯಾದರೆ ಕಡಿದಾದ ತಿರುವುಗಳೂ ಜಿಗಿತಗಳೂ ಬೇಡ. ಮೊಲದ ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ; ಬಯಲಿನಲ್ಲಿ ಉದ್ದ ಹಗ್ಗವಿಲ್ಲದೆ ಬಿಡಬೇಡಿ.

ಪ್ರಶ್ನೆ: ನಾನು ಮುಳ್ಳೇರಿಯಾದ ಶಾಲಾ ವಿದ್ಯಾರ್ಥಿನಿ. ನಾಯಿ ಎಷ್ಟು ಮಾತು ಕಲಿಯಬಹುದು? ನಮ್ಮ ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತವೆ.

ಉತ್ತರ: ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿಗೆ ಅದರ ಯಜಮಾನರಾದ ನಿವೃತ್ತ ಪ್ರಾಧ್ಯಾಪಕ ಜಾನ್ ಪಿಲ್ಲಿ 1,022 ಆಟಿಕೆಗಳ ಹೆಸರನ್ನು ಕಲಿಸಿದ್ದರು. ಎಲ್ಲ ನಾಯಿಗಳೂ ಹಾಗೆ ಕಲಿಯುವುದಿಲ್ಲ ಮಗೂ, ಬಹಳಷ್ಟು ನಾಯಿಗಳಿಗೆ ವಸ್ತುವಿನ ಹೆಸರಿಗಿಂತ ಮಾಡುವ ಕೆಲಸದ ಹೆಸರು ಸುಲಭ. ಮೂರು ಭಾಷೆ ಇದ್ದರೆ ತೊಂದರೆಯಿಲ್ಲ, ಆದರೆ ಒಂದು ಕೆಲಸಕ್ಕೆ ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು. ಯಾವ ಕೆಲಸಕ್ಕೆ ಯಾವ ಮಾತೆಂದು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸು, ಅಜ್ಜಿಗೂ ಓದಿ ಹೇಳು.

ಪ್ರಶ್ನೆ: ತಾಳವಾಡಿಯ ನಮ್ಮ ಮನೆಯಲ್ಲಿ ಹದಿಮೂರು ವರ್ಷದ ನಾಯಿಯಿದೆ. ರಾತ್ರಿ ಎದ್ದು ತಿರುಗುತ್ತದೆ, ಮೂಲೆಯಲ್ಲಿ ಗೋಡೆ ನೋಡುತ್ತ ನಿಲ್ಲುತ್ತದೆ, ಕೆಲವೊಮ್ಮೆ ನಮ್ಮನ್ನೇ ಗುರುತಿಸುವುದಿಲ್ಲ. ಈ ವಯಸ್ಸಿನಲ್ಲಿ ಅದಕ್ಕೆ ಆಟ, ಪಾಠ ಎಂದರೆ ಹಿಂಸೆಯಾಗುವುದಿಲ್ಲವೇ?

ಉತ್ತರ: ಮೊದಲು ತಪಾಸಣೆ ಮಾಡಿಸಿ. ಕೀಲುನೋವು, ಮೂತ್ರಪಿಂಡದ ತೊಂದರೆ, ಕಣ್ಣು ಕಿವಿ ಮಂದವಾಗಿರುವುದು ಇವೆಲ್ಲ ಇದೇ ಲಕ್ಷಣಗಳನ್ನು ತೋರಬಲ್ಲವು, ಅವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಅವೇನೂ ಇಲ್ಲದಿದ್ದರೆ ಇದು ಮುಪ್ಪಿನಲ್ಲಿ ಮಿದುಳು ಸವೆಯುವ ಕಾಯಿಲೆ, ಮನುಷ್ಯರ ಮರೆವಿನ ರೋಗಕ್ಕೆ ಹತ್ತಿರವಾದದ್ದು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಅದರ ವೇಗವನ್ನು ತಗ್ಗಿಸಬಹುದು. ವಯಸ್ಸಾದ ಬೀಗಲ್ ನಾಯಿಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಒಂದು ದೀರ್ಘ ಅಧ್ಯಯನದಲ್ಲಿ, ಉತ್ಕರ್ಷಣ ನಿರೋಧಕಗಳು ಹೆಚ್ಚಿರುವ ಆಹಾರದ ಜೊತೆಗೆ ನಡಿಗೆ, ಆಟಿಕೆ, ಜೊತೆಗಾರ ನಾಯಿ ಹಾಗೂ ಕಲಿಕೆಯ ಕೆಲಸಗಳನ್ನು ಪಡೆದ ನಾಯಿಗಳು ಉಳಿದವುಗಳಿಗಿಂತ ಚೆನ್ನಾಗಿ ಕಲಿಯುವ ಶಕ್ತಿಯನ್ನು ಉಳಿಸಿಕೊಂಡಿದ್ದವು. ಆದ್ದರಿಂದ ವಯಸ್ಸಾಯಿತೆಂದು ಮೂಲೆಯಲ್ಲಿ ಬಿಡುವುದೇ ಹಿಂಸೆ.

ಆಟ ಮಾತ್ರ ಅದರ ಶಕ್ತಿಗೆ ತಕ್ಕಂತಿರಬೇಕು. ಕಣ್ಣು ಮಂದವಾದರೂ ಮೂಗು ಬಹುಕಾಲ ಉಳಿಯುತ್ತದೆ. ವಾಸನೆ ಗಾಢವಾದ ತಿಂಡಿಯನ್ನು ಒಂದೆರಡು ಮಾರು ದೂರದಲ್ಲಿ, ಅದರ ತಲೆಯ ಮಟ್ಟದಲ್ಲಿಯೇ ಇಟ್ಟು ಹುಡುಕಿಸಿ. ಚಿಕ್ಕಂದಿನಲ್ಲಿ ಕಲಿತ, ಈಗಲೂ ನೆನಪಿರುವ ಪಾಠವೊಂದನ್ನು ದಿನವೂ ಮಾಡಿಸಿ ಹೊಗಳಿ. ಬೆಳಗಿನ ಬಿಸಿಲಿನಲ್ಲಿ ನಿಧಾನವಾಗಿ, ಅದರ ಹೆಜ್ಜೆಗೆ ತಕ್ಕಂತೆ ನಡೆಸಿದರೆ ರಾತ್ರಿ ನಿದ್ದೆಗೂ ಸಹಾಯವಾಗುತ್ತದೆ. ಕುರ್ಚಿ, ಮಂಚ, ನೀರಿನ ಬಟ್ಟಲುಗಳ ಜಾಗ ಬದಲಾಯಿಸಬೇಡಿ. ನುಣುಪು ನೆಲಕ್ಕೆ ಗೋಣಿಚೀಲ ಹಾಸಿ, ರಾತ್ರಿ ಅದು ಮಲಗುವ ಕಡೆ ಸಣ್ಣ ದೀಪವೊಂದು ಉರಿಯಲಿ. ಮೂಲೆಯಲ್ಲಿ ಸಿಕ್ಕಿಕೊಂಡಾಗ ಹಿಂದಿನಿಂದ ಮುಟ್ಟಿ ಬೆಚ್ಚಿಸದೆ, ಪಕ್ಕಕ್ಕೆ ಬಂದು ಮೂಗಿನ ಬಳಿ ಕೈ ಹಿಡಿಯಿರಿ. ವಾಸನೆಯಿಂದ ನಿಮ್ಮನ್ನು ಗುರುತಿಸಿದ ಮೇಲೆ ನಿಧಾನವಾಗಿ ತಿರುಗಿಸಿ ಕರೆದುಕೊಂಡು ಬನ್ನಿ. ರಾತ್ರಿಯ ತಿರುಗಾಟ ಹೆಚ್ಚುತ್ತ ಹೋದರೆ ವೈದ್ಯರಿಗೆ ತಿಳಿಸಿ, ಈ ಕಾಯಿಲೆಗೆ ಕೊಡಬಹುದಾದ ಔಷಧಿಗಳೂ ಇವೆ.